ಮೂರು ಫಿಲ್ಟರ್ ಬದಲಾದವು, ಹನಿ ಮಾತ್ರ ನಿಂತಿಲ್ಲ

ಪ್ರಶ್ನೆ: ನನ್ನ ಪಿಕಪ್‌ಗೆ ಈಗ 11 ವರ್ಷ. ಡಬ್ಬಿಯಂತೆ ತಿರುಗಿಸಿ ಕೂರಿಸುವ ಆಯಿಲ್ ಫಿಲ್ಟರ್ ಇದೆ. ಎಂಟು ತಿಂಗಳಲ್ಲಿ ಅದನ್ನು ಮೂರು ಸಲ ಬದಲಾಯಿಸಿದ್ದಾಯಿತು, ಎರಡು ಸಲ ಗ್ಯಾರೇಜಿನಲ್ಲಿ, ಒಂದು ಸಲ ನಾನೇ. ಹೊಸದು ಹಾಕಿದಾಗಲೆಲ್ಲ ಹತ್ತು ಹದಿನೈದು ದಿನ ಸುಮ್ಮನಿರುತ್ತದೆ. ಆಮೇಲೆ ಫಿಲ್ಟರಿನ ಮೈಯೆಲ್ಲ ಒದ್ದೆ, ಗಾಡಿ ನಿಂತ ಕಡೆ ಅಂಗೈಯಗಲ ಕಲೆ. ಪಾನಾ ಹಾಕಿ ಇನ್ನಷ್ಟು ಬಿಗಿ ಮಾಡಿದರೆ ನಾಲ್ಕು ದಿನ ನಿಂತಂತೆ ಕಾಣುತ್ತದೆ, ಮತ್ತೆ ಶುರು. ‘ಬೇರೆ ಕಂಪನಿ ಫಿಲ್ಟರ್ ಹಾಕೋಣ’ ಅನ್ನುತ್ತಾರೆ ಮೆಕ್ಯಾನಿಕ್. ನಾಲ್ಕನೆಯದನ್ನೂ ಹಾಕಿಸಲೇ?

ಉತ್ತರ: ಈಗಲೇ ಬೇಡ.

ಕೆಟ್ಟ ಫಿಲ್ಟರ್ ಸಿಗುವುದೇ ಇಲ್ಲ ಅಂತಲ್ಲ. ಡಬ್ಬಿಯ ಅಂಚಿನ ಮಡಿಕೆ ಸರಿಯಾಗಿ ಕೂರದೆ ಅಲ್ಲಿಂದಲೇ ಜಿನುಗುವ ಫಿಲ್ಟರುಗಳನ್ನು ನಾನೂ ಕಂಡಿದ್ದೇನೆ. ಆದರೆ ಒಂದರ ಹಿಂದೆ ಒಂದು ಮೂರು ಫಿಲ್ಟರುಗಳು ಒಂದೇ ರೀತಿ, ಒಂದೇ ಅವಧಿಗೆ ಕೈಕೊಟ್ಟಿವೆ ಅಂದರೆ ನಾನು ಫಿಲ್ಟರಿನ ಮೇಲೆ ಅನುಮಾನ ಪಡುವುದನ್ನು ಬಿಟ್ಟುಬಿಡುತ್ತೇನೆ. ಮೂರು ಸಲವೂ ಬದಲಾಗದೆ ಉಳಿದದ್ದು ಏನು ಅಂತ ಕೇಳಿಕೊಳ್ಳಿ. ಫಿಲ್ಟರ್ ಕೂರುವ ಲೋಹದ ಮುಖ, ಅದರ ನಡುವೆ ನಿಂತಿರುವ ನಿಪ್ಪಲ್ ಎಂಬ ಕೊಳವೆ, ಆ ಮುಖದ ಹಿಂದೆ ಇಂಜಿನ್ನಿಗೆ ಸೇರಿಸುವ ಅಡಾಪ್ಟರ್, ಫಿಲ್ಟರಿನ ಮೇಲ್ಗಡೆ ಇರುವ ಬೇರೆ ಭಾಗಗಳು. ಹುಡುಕಾಟ ಅಲ್ಲಿಂದ ಶುರುವಾಗಬೇಕು.

ಅದಕ್ಕೂ ಮೊದಲು ಒಂದು ಎಚ್ಚರ. ಪಂಪು ಸಂಪಿನಿಂದ, ಅಂದರೆ ಇಂಜಿನ್ ಅಡಿಯ ಆಯಿಲ್ ತೊಟ್ಟಿಯಿಂದ, ಎತ್ತಿದ ಆಯಿಲ್ ಮೊದಲು ಫಿಲ್ಟರಿಗೆ ಹೋಗಿ, ಅಲ್ಲಿಂದ ಬೇರಿಂಗುಗಳಿಗೆ ಹೋಗುತ್ತದೆ. ಅಂದರೆ ಫಿಲ್ಟರಿನ ಜೋಡಣೆಯ ಮೇಲೆ ಪಂಪಿನ ಪೂರ್ತಿ ಒತ್ತಡ ಬೀಳುತ್ತದೆ. ಇಂಜಿನ್ ತಲೆಯ ಮೇಲಿನ ಮುಚ್ಚಳವಾದ ವಾಲ್ವ್ ಕವರ್ ಸೋರಿದರೆ ಹನಿ ಹನಿಯಾಗಿ ವರ್ಷಗಟ್ಟಲೆ ಸೋರಬಹುದು, ಫಿಲ್ಟರಿನ ರಬ್ಬರ್ ರಿಂಗ್ ಪೂರ್ತಿ ಜಾರಿದರೆ ಕೆಲವೇ ನಿಮಿಷಗಳಲ್ಲಿ ಸಂಪು ಬರಿದಾಗುತ್ತದೆ. ಆದ್ದರಿಂದ ಸೋರಿಕೆಯ ಮೂಲ ಸಿಗುವ ತನಕ ಪ್ರತಿದಿನ ಗಾಡಿ ತೆಗೆಯುವ ಮುಂಚೆ ಸಮತಟ್ಟಾದ ಜಾಗದಲ್ಲಿ ಆಯಿಲ್ ಮಟ್ಟ ಅಳೆಯುವ ಕಡ್ಡಿ, ಅಂದರೆ ಡಿಪ್‌ಸ್ಟಿಕ್ ನೋಡಿ. ಆಯಿಲ್ ಒತ್ತಡದ ಕೆಂಪು ದೀಪ ಹೊತ್ತಿದರೆ ‘ಮನೆ ತನಕ ಹೋಗಿ ನೋಡೋಣ’ ಅನ್ನಬೇಡಿ, ಅಲ್ಲೇ ಪಕ್ಕಕ್ಕೆ ಹಾಕಿ ಇಂಜಿನ್ ಆರಿಸಿ. ಅನೇಕರು ಅದನ್ನು ಮಟ್ಟ ತೋರಿಸುವ ದೀಪ ಅಂದುಕೊಂಡಿದ್ದಾರೆ. ಅದು ಹೊತ್ತುವ ಹೊತ್ತಿಗೆ ಒತ್ತಡವೇ ಬಿದ್ದುಹೋಗಿರುತ್ತದೆ.

ಈಗ ನಿಮ್ಮ ಪತ್ರದಲ್ಲೇ ಇರುವ ಸುಳಿವುಗಳಿಗೆ ಬರೋಣ. ‘ಬಿಗಿ ಮಾಡಿದರೆ ನಾಲ್ಕು ದಿನ ನಿಲ್ಲುತ್ತದೆ’ ಅಂದಿದ್ದೀರಿ. ಬಿಗಿ ಮಾಡುವಾಗ ಫಿಲ್ಟರನ್ನು ಬಟ್ಟೆಯಿಂದ ಒರೆಸಿರುತ್ತೀರಿ, ಅಲ್ಲವೇ? ಪಾನಾ ಜಾರದಿರಲಿ ಅಂತ ಎಲ್ಲರೂ ಒರೆಸುತ್ತಾರೆ. ಹಾಗಾದರೆ ಆ ನಾಲ್ಕು ದಿನ ನಿಂತದ್ದು ಸೋರಿಕೆಯೋ, ಒರೆಸಿದ ಮೈ ಮತ್ತೆ ಒದ್ದೆಯಾಗಲು ಹಿಡಿದ ಸಮಯವೋ? ಹೊಸ ಫಿಲ್ಟರ್ ಹಾಕಿದಾಗ ಸಿಗುವ ಹತ್ತು ಹದಿನೈದು ದಿನಗಳ ಬಿಡುವಿಗೂ ಇದೇ ಮಾತು. ಆಗ ಸುತ್ತಲಿನದನ್ನೂ ಚೆನ್ನಾಗಿ ಒರೆಸಿರುತ್ತಾರೆ, ಹಾಗಾಗಿ ಬಿಡುವು ಇನ್ನಷ್ಟು ಉದ್ದ. ನನ್ನ ಅನುಮಾನ ಮೊದಲು ಹೋಗುವುದೇ ಇಲ್ಲಿಗೆ. ಆಯಿಲ್ ಫಿಲ್ಟರಿನಿಂದ ಬರುತ್ತಿಲ್ಲದೆ, ಫಿಲ್ಟರಿನ ಮೇಲೆ ಇಳಿಯುತ್ತಿರಬಹುದು.

ಬಹಳಷ್ಟು ಇಂಜಿನ್‌ಗಳಲ್ಲಿ ಫಿಲ್ಟರ್ ಇರುವುದು ಇಂಜಿನ್ನಿನ ಮೈಯಾದ ಬ್ಲಾಕಿನ ಪಕ್ಕದಲ್ಲಿ, ಕೆಳಗಡೆ. ಮೇಲೆ ಎಲ್ಲೇ ಜಿನುಗಿದರೂ ಆಯಿಲ್ ಗೋಡೆ ಹಿಡಿದು ಇಳಿದು ಕೊನೆಗೆ ಡಬ್ಬಿಯ ತುದಿಯಲ್ಲಿ ಹನಿಯಾಗಿ ತೂಗುತ್ತದೆ. ಕೆಳಗಿನಿಂದ ನೋಡುವವರಿಗೆ ಕಾಣುವುದು ಆ ಹನಿ ಮಾತ್ರ. ನಾನು ಹೆಚ್ಚು ಸಲ ಕಂಡ ಕಳ್ಳ ಅಂದರೆ ಆ ಕೆಂಪು ದೀಪ ಹೊತ್ತಿಸುವ ಆಯಿಲ್ ಪ್ರೆಶರ್ ಸ್ವಿಚ್. ಎಷ್ಟೋ ಗಾಡಿಗಳಲ್ಲಿ ಇದು ಫಿಲ್ಟರಿಗೆ ಒಂದೆರಡು ಗೇಣು ದೂರದಲ್ಲೇ ಇರುತ್ತದೆ. ಲೋಹಕ್ಕೂ ಪ್ಲಾಸ್ಟಿಕ್ಕಿಗೂ ಸೇರುವ ಕಡೆ ಬಿರುಕು ಬಿಟ್ಟು, ಇಂಜಿನ್ ಓಡುವಾಗ ಮಾತ್ರ ಜಿನುಗುತ್ತದೆ. ಅದರ ವೈರ್ ಕನೆಕ್ಟರ್ ಕಳಚಿ ಒಳಗೆ ನೋಡಿ. ಪಿನ್‌ಗಳು ಆಯಿಲ್‌ನಲ್ಲಿ ಮುಳುಗಿದ್ದರೆ ಬೇರೆ ಸಾಕ್ಷಿ ಬೇಡ. ಅದಾದ ಮೇಲೆ ವಾಲ್ವ್ ಕವರ್ ಗ್ಯಾಸ್ಕೆಟ್ (ಸಂದಿ ಮುಚ್ಚುವ ಪಟ್ಟಿ), ಆಯಿಲ್ ಕೂಲರ್ ಇದ್ದರೆ ಅದರ ಜೋಡಣೆ. ವಿ ಆಕಾರದ ಇಂಜಿನ್ ಆಗಿದ್ದು, ಫಿಲ್ಟರ್ ಹೌಸಿಂಗ್ ಸಿಲಿಂಡರುಗಳ ಎರಡು ಸಾಲುಗಳ ನಡುವಿನ ಕಣಿವೆಯಲ್ಲಿದ್ದರೆ ಇನ್ನೊಂದು ಮೋಸ ನಡೆಯುತ್ತದೆ. ಅಲ್ಲಿ ಸೋರಿದ್ದು ಕಣಿವೆಯಲ್ಲೇ ತುಂಬಿ, ಹಿಂದಿನಿಂದ ಉಕ್ಕಿ, ಗೇರ್‌ಬಾಕ್ಸ್ ಕಡೆ ಇಳಿದು ಇಂಜಿನ್ ಹಿಂದುಗಡೆ ಆಯಿಲ್ ತಡೆಯುವ ಕ್ರ್ಯಾಂಕ್ ಸೀಲ್ ಹೋಗಿದೆ ಅನ್ನಿಸಿಬಿಡುತ್ತದೆ. ಸುಮ್ಮನೆ ಗೇರ್‌ಬಾಕ್ಸ್ ಇಳಿಸಿಸಿದವರಿದ್ದಾರೆ.

ಪತ್ತೆ ಹಚ್ಚಲು ದೊಡ್ಡ ಉಪಕರಣ ಬೇಡ, ತಾಳ್ಮೆ ಬೇಕು. ಇಂಜಿನ್ ಪೂರ್ತಿ ತಣ್ಣಗಾದ ಮೇಲೆ ಗಾಡಿಯನ್ನು ಸ್ಟ್ಯಾಂಡ್ ಮೇಲೆ ನಿಲ್ಲಿಸಿ, ಬರೀ ಜ್ಯಾಕಿನ ಮೇಲೆ ನಿಂತ ಗಾಡಿಯ ಅಡಿಗೆ ಎಂದೂ ಹೋಗಬೇಡಿ. ಡಿಗ್ರೀಸರ್ ಅಥವಾ ಬ್ರೇಕ್ ಕ್ಲೀನರ್ ಹೊಡೆದು ಫಿಲ್ಟರ್, ಅದರ ಮೇಲಿನ ಬ್ಲಾಕ್, ಸ್ವಿಚ್ಚಿನ ಸುತ್ತ, ಕೆಳಗಿನ ಅಡ್ಡ ಚಾಸಿ ಎಲ್ಲವನ್ನೂ ತೊಳೆದು ಒಣಗಲು ಬಿಡಿ. ಆಮೇಲೆ ಕೈಗೆ ಒಂದಿಷ್ಟು ಟಾಲ್ಕಂ ಪೌಡರ್ ತೆಗೆದುಕೊಂಡು ಆ ಜಾಗಕ್ಕೆಲ್ಲ ಉಫ್ ಅಂತ ಊದಿ, ತೆಳುವಾಗಿ ಬಿಳಿ ಕೂರಲಿ. ಅಡಿಗೆ ಒಂದು ರಟ್ಟು ಹಾಸಿ ಇಂಜಿನ್ ಸ್ಟಾರ್ಟ್ ಮಾಡಿ. ಬೆಲ್ಟು, ಫ್ಯಾನಿನಿಂದ ದೂರವಿದ್ದು ಟಾರ್ಚ್ ಹಿಡಿದು ನೋಡುತ್ತಾ ಇರಿ. ಬಿಳಿಯ ಮೇಲೆ ಮೊದಲು ಕಪ್ಪಾಗುವ ಚುಕ್ಕೆಯೇ ಮೂಲ, ಅದರ ಕೆಳಗೆ ಎಳೆದ ಗೆರೆ ಬರೀ ಹರಿದ ದಾರಿ. ಐದು ನಿಮಿಷದಲ್ಲಿ ಏನೂ ಕಾಣದಿದ್ದರೆ ಒಂದು ಸುತ್ತು ಓಡಿಸಿ ಬಂದು ಮತ್ತೆ ನೋಡಿ. ವೇಗದಲ್ಲಿ ಗಾಳಿ ಆಯಿಲನ್ನು ಹಿಂದಕ್ಕೆ ಹರಡುತ್ತದೆ, ಹಾಗಾಗಿ ಒದ್ದೆಯಾದ ಜಾಗದ ಅತಿ ಮೇಲಿನ ಮತ್ತು ಅತಿ ಮುಂದಿನ ತುದಿಯನ್ನು ಹುಡುಕಬೇಕು.

ಈ ಪರೀಕ್ಷೆಯನ್ನು ಬೆಳಗಿನ ಮೊದಲ ಸ್ಟಾರ್ಟಿನಲ್ಲೇ ಮಾಡಿ. ಆಯಿಲ್ ತಣ್ಣಗಿದ್ದಾಗ ದಪ್ಪ, ಒತ್ತಡವೂ ಆಗಲೇ ಹೆಚ್ಚು. ಬಿಸಿಯಾದ ಮೇಲೆ ಜಾಣನಂತೆ ಕೂರುವ ಜೋಡಣೆ ಮೊದಲ ಅರ್ಧ ನಿಮಿಷದಲ್ಲಿ ಉಗುಳಿ ತನ್ನ ಗುಟ್ಟು ಬಿಟ್ಟುಕೊಡುತ್ತದೆ. ರಾತ್ರಿಯೆಲ್ಲ ಕಾಣುವ ಕಲೆಯಿಂದ ಹೆಚ್ಚು ಅರ್ಥ ತೆಗೆಯಬೇಡಿ. ಇಂಜಿನ್ ಆರಿದ ಮೇಲೆ ಒತ್ತಡವೇ ಇರುವುದಿಲ್ಲ, ಹಗಲು ಸೋರಿ ಮೈಗಂಟಿದ್ದು ಇಳಿಯುತ್ತಿರುತ್ತದೆ, ಅಷ್ಟೆ. ಪಿಕಪ್‌ಗಳಲ್ಲಿ ಇಂಜಿನ್ ಅಡಿಗೆ ರಕ್ಷಣೆಯ ತಗಡು ಇದ್ದರೆ ಅದೂ ತಟ್ಟೆಯಂತೆ ಆಯಿಲ್ ಹಿಡಿದಿಟ್ಟುಕೊಂಡು, ಏರು ಹತ್ತುವಾಗಲೋ ತಿರುವಿನಲ್ಲೋ ಚೆಲ್ಲುತ್ತದೆ. ಫಿಲ್ಟರ್ ಬಿಚ್ಚುವಾಗ ಚೆಲ್ಲಿದ ಆಯಿಲ್ ವಾರಗಟ್ಟಲೆ ಆ ತಗಡಿನಿಂದ ತೊಟ್ಟಿಕ್ಕಿದ್ದನ್ನು ಕಂಡು, ‘ಹೊಸ ಫಿಲ್ಟರೂ ಸೋರುತ್ತಿದೆ’ ಅಂತ ಗಾಡಿ ವಾಪಸ್ ತಂದವರನ್ನು ನೋಡಿದ್ದೇನೆ. ತಗಡು ಬಿಚ್ಚಿ ತೊಳೆದೇ ಪರೀಕ್ಷೆ ಮಾಡಿ.

ಪೌಡರಿನ ಮೇಲೆ ಕಪ್ಪು ಗೆರೆ ಫಿಲ್ಟರಿಗೂ ಬ್ಲಾಕಿಗೂ ನಡುವಿನ ಸಂದಿಯಲ್ಲೇ ಹುಟ್ಟಿತು ಅಂತಿಟ್ಟುಕೊಳ್ಳಿ. ಆಗ ಫಿಲ್ಟರ್ ಬಿಚ್ಚಬೇಕು. ಬಿಚ್ಚಿದ ಕೂಡಲೇ, ಬೇರೆ ಏನನ್ನೂ ಮುಟ್ಟುವ ಮುನ್ನ, ಕೈಗೆ ಬಂದ ಫಿಲ್ಟರಿನ ಮುಖ ನೋಡಿ. ರಬ್ಬರ್ ರಿಂಗ್ ಅದರಲ್ಲೇ ಇದೆಯೇ? ಇಲ್ಲವಾದರೆ ಅದು ಬ್ಲಾಕಿಗೆ ಅಂಟಿಕೊಂಡಿದೆ. ಬಿಸಿಗೆ ಒಣಗಿ ಕರಿಯಾದ ಆ ರಿಂಗು ಮಸಿ ಹಿಡಿದ ಲೋಹದ ಮೇಲೆ ಕಣ್ಣಿಗೆ ಕಾಣುವುದೇ ಇಲ್ಲ. ಒಮ್ಮೆ ನಾನೇ ಏಮಾರಿದ್ದೇನೆ. ತಲೆಯ ಮೇಲೆ ಕೈ ಎತ್ತಿ, ಬಟ್ಟೆಯಿಂದ ಒರೆಸಿ, ನುಣ್ಣಗಿದೆ ಅನ್ನಿಸಿ ಹೊಸದನ್ನು ಕೂರಿಸಿದೆ. ಸ್ಟಾರ್ಟ್ ಮಾಡಿದ ಮೂರನೇ ಕ್ಷಣಕ್ಕೆ ಅಂಗೈಯಿಂದ ಮೊಣಕೈ ತನಕ ಆಯಿಲ್. ನುಣ್ಣಗಿದ್ದದ್ದು ಹಳೆಯ ರಿಂಗು, ಲೋಹವಲ್ಲ. ಅಂದಿನಿಂದ ಉಗುರಿನಿಂದ ಅಂಚು ಕೆದಕಿ ನೋಡದೆ ನಾನು ಫಿಲ್ಟರ್ ಹಾಕಿಲ್ಲ. ನಿಮ್ಮದು ನಿಧಾನದ ಸೋರಿಕೆ, ರಿಂಗಿನ ಮೇಲೆ ರಿಂಗು ಕೂತರೆ ಸಾಮಾನ್ಯವಾಗಿ ಇಷ್ಟು ದಿನ ತಡೆಯುವುದಿಲ್ಲ. ಆದರೂ ನೋಡುವುದಕ್ಕೆ ಖರ್ಚಿಲ್ಲ.

ಮುಂದೆ ಆ ಮುಖ. ಸ್ವಚ್ಛ ಮಾಡಿ ಬೆರಳ ತುದಿಯನ್ನು ರಿಂಗ್ ಕೂರುವ ವೃತ್ತದ ಉದ್ದಕ್ಕೂ ಒಂದು ಸುತ್ತು ಎಳೆಯಿರಿ. ತುಕ್ಕಿನ ಗುಳಿ, ಹಿಂದೆ ಯಾರೋ ಸ್ಕ್ರೂಡ್ರೈವರಿನಿಂದ ಕೆದಕಿದ ಗೀರು, ಬಣ್ಣದ ಪದರ ಬೆರಳಿಗೆ ಸಿಗುತ್ತವೆ. ಸಣ್ಣ ಗೀರನ್ನು ರಬ್ಬರ್ ತುಂಬಿಕೊಳ್ಳುತ್ತದೆ. ವೃತ್ತವನ್ನು ಒಳಗಿನಿಂದ ಹೊರಕ್ಕೆ ಅಡ್ಡ ಹಾಯುವ ಗೀರು ಮಾತ್ರ ಕಾಲುವೆ ಇದ್ದಂತೆ, ಎಷ್ಟೇ ಒಳ್ಳೆಯ ಫಿಲ್ಟರ್ ಹಾಕಿದರೂ ಜಿನುಗುತ್ತಲೇ ಇರುತ್ತದೆ. ಅಂಟಿದ್ದನ್ನು ಪ್ಲಾಸ್ಟಿಕ್ ಪಟ್ಟಿಯಿಂದ ಕೆರೆಯಿರಿ. ಎಮರಿ ಹಾಳೆ ಹಿಡಿದು ಉಜ್ಜಲು ಹೋಗಬೇಡಿ, ಉದುರಿದ ಪುಡಿ ಪಕ್ಕದ ಆಯಿಲ್ ದಾರಿಗೆ ಬಿದ್ದರೆ ನೇರ ಬೇರಿಂಗಿಗೇ ಹೋಗುತ್ತದೆ.

ಆಮೇಲೆ ನಿಪ್ಪಲ್, ಅಂದರೆ ಫಿಲ್ಟರ್ ತಿರುಗುವ ಟೊಳ್ಳು ಥ್ರೆಡ್ಡಿನ ಕೊಳವೆ. ಇದನ್ನು ನೋಡುವವರೇ ಕಡಿಮೆ. ಕೈಯಲ್ಲಿ ಹಿಡಿದು ಅಲ್ಲಾಡಿಸಿ, ಕದಲಬಾರದು. ಅದರ ಇನ್ನೊಂದು ತುದಿಯೂ ಥ್ರೆಡ್ಡಿನಿಂದಲೇ ಬ್ಲಾಕಿಗೆ ಕೂತಿರುತ್ತದೆ. ಫಿಲ್ಟರನ್ನು ಅತಿಯಾಗಿ ಬಿಗಿದಿದ್ದರೆ, ಬಿಚ್ಚುವಾಗ ನಿಪ್ಪಲ್ಲೂ ಸ್ವಲ್ಪ ಬಿಚ್ಚಿಕೊಳ್ಳುತ್ತದೆ, ಕೆಲವು ಸಲ ಫಿಲ್ಟರಿನ ಜೊತೆ ಪೂರ್ತಿ ಹೊರಗೇ ಬರುತ್ತದೆ. ಸಡಿಲ ನಿಪ್ಪಲ್ಲಿನ ಮೇಲೆ ಎಷ್ಟು ಬಿಗಿ ಮಾಡಿದರೂ ಇಂಜಿನ್ ನಡುಕಕ್ಕೆ ಅದು ಮತ್ತೆ ಸಡಿಲಾಗುತ್ತದೆ. ‘ಬಿಗಿ ಮಾಡಿದರೆ ನಿಲ್ಲುತ್ತದೆ, ಮತ್ತೆ ಶುರು’ ಅನ್ನುವ ನಿಮ್ಮ ಮಾತಿಗೆ, ಒರೆಸಿದ್ದರ ಭ್ರಮೆ ಅಲ್ಲವಾದರೆ, ಇದು ಚೆನ್ನಾಗಿ ಹೊಂದುತ್ತದೆ. ಹೀಗಿದ್ದರೆ ನಿಪ್ಪಲ್ ಬಿಚ್ಚಿ, ಥ್ರೆಡ್ ತೊಳೆದು, ತಯಾರಕರು ಹೇಳಿದಷ್ಟು ಟಾರ್ಕಿನಲ್ಲಿ (ತಿರುಗಿಸುವ ಬಲದ ಅಳತೆ) ಮತ್ತೆ ಕೂರಿಸಬೇಕು. ಥ್ರೆಡ್ ಸಡಿಲಾಗದಂತೆ ಹಿಡಿಯುವ ಅಂಟು, ಅಂದರೆ ಥ್ರೆಡ್ ಲಾಕರ್ ಬಳಸಲು ಅವರು ಹೇಳಿದ್ದರೆ ಒಂದೇ ಹನಿ.

ಥ್ರೆಡ್ ಅಂದಾಗ ಇನ್ನೊಂದು ಮಾತು. ಕಣ್ಣಿಗೆ ಅವಳಿಗಳಂತೆ ಕಾಣುವ ಎರಡು ಅಳತೆಗಳಿವೆ. ಒಂದು 20 ಮಿಲಿಮೀಟರ್ ಅಗಲ, 1.5 ಮಿ.ಮೀ. ಅಂತರದ ಮೆಟ್ರಿಕ್ ಥ್ರೆಡ್. ಇನ್ನೊಂದು ಮುಕ್ಕಾಲು ಇಂಚು, ಇಂಚಿಗೆ 16 ಸುತ್ತು, ಅಂದರೆ 19.05 ಮಿ.ಮೀ. ಅಗಲ, ಸುಮಾರು 1.59 ಮಿ.ಮೀ. ಅಂತರ. ಮುಕ್ಕಾಲಿಂಚಿನ ನಿಪ್ಪಲ್ಲಿಗೆ 20 ಮಿ.ಮೀ. ಫಿಲ್ಟರ್ ಹಾಕಿದರೆ ಅದು ತಕರಾರಿಲ್ಲದೆ ತಿರುಗುತ್ತದೆ, ಕೊನೆಗೆ ಬಿಗಿಯೂ ಆದಂತೆ ಅನ್ನಿಸುತ್ತದೆ. ಆದರೆ ಹಿಡಿದಿರುವುದು ಥ್ರೆಡ್ಡಿನ ತುದಿಗಳಷ್ಟೇ. ಜಿನುಗುವುದು ಅದೃಷ್ಟ, ಹೆದ್ದಾರಿಯಲ್ಲಿ ಕಿತ್ತು ಹಾರುವುದು ದುರದೃಷ್ಟ. ಹೊರಗಿನ ಗಾತ್ರ, ರಿಂಗಿನ ಅಗಲ ಎರಡೂ ಹೊಂದಿದ ಮಾತ್ರಕ್ಕೆ ಫಿಲ್ಟರ್ ಹೊಂದಿತು ಅಂತಲ್ಲ. ನಿಮ್ಮ ಇಂಜಿನ್ನಿಗೆ ತಯಾರಕರು ಹೇಳಿದ ಭಾಗದ ಸಂಖ್ಯೆಯನ್ನೂ ಡಬ್ಬಿಯ ಮೇಲಿನ ಸಂಖ್ಯೆಯನ್ನೂ ತಾಳೆ ಹಾಕಿ. ‘ಇದೂ ಕೂರುತ್ತೆ ಸಾರ್’ ಅನ್ನುವ ಮಾತಿಗೆ ಬೆಲೆ ಕೊಡಬೇಡಿ.

ಇಷ್ಟೂ ಸರಿ ಇದ್ದು ಒದ್ದೆ ಮಾತ್ರ ಮುಂದುವರಿದಿದ್ದರೆ, 11 ವರ್ಷದ ಗಾಡಿಯಲ್ಲಿ ನಾನು ಪಣ ಕಟ್ಟುವುದು ಅಡಾಪ್ಟರಿನ ಮೇಲೆ. ಅನೇಕ ಇಂಜಿನ್‌ಗಳಲ್ಲಿ ಫಿಲ್ಟರ್ ನೇರ ಬ್ಲಾಕಿಗೆ ಕೂರುವುದಿಲ್ಲ. ನಡುವೆ ಒಂದು ಅಲ್ಯೂಮಿನಿಯಂ ತುಂಡು, ಕೆಲವದರಲ್ಲಿ ಆಯಿಲ್ ಕೂಲರ್, ಯಾರಾದರೂ ಗೇಜ್ ಹಾಕಿಸಿದ್ದರೆ ಇನ್ನೊಂದು ತಟ್ಟೆ. ಪ್ರತಿಯೊಂದರ ಹಿಂದೆಯೂ ಒಂದು ಓ-ರಿಂಗ್ (ರಬ್ಬರ್ ಬಳೆ) ಅಥವಾ ಗ್ಯಾಸ್ಕೆಟ್ ಇದೆ. ಫಿಲ್ಟರಿನ ರಿಂಗು ಪ್ರತಿ ಸರ್ವಿಸಿಗೂ ಹೊಸದಾಗುತ್ತದೆ, ಇದು ಗಾಡಿ ಹುಟ್ಟಿದಾಗ ಹಾಕಿದ್ದೇ ಇರುತ್ತದೆ. ಬಿಸಿ ತಣ್ಣಗೆ, ಬಿಸಿ ತಣ್ಣಗೆ ಅಂತ ಸಾವಿರಾರು ಸಲ ಆಗಿ ದುಂಡಗಿದ್ದದ್ದು ಚಪ್ಪಟೆಯಾಗಿ, ರಬ್ಬರ್ ಹೋಗಿ ಪ್ಲಾಸ್ಟಿಕ್ಕಿನಂತಾಗಿರುತ್ತದೆ. ಬಗ್ಗಿಸಿದರೆ ಲಟಕ್ಕನೆ ಮುರಿಯುತ್ತದೆ. ಅಡಾಪ್ಟರಿನ ಹಿಂದೆ ಜಿನುಗಿದ್ದು ಎರಡು ಬೆರಳು ಇಳಿದು ಫಿಲ್ಟರಿನ ಮೇಲೇ ಬರುವುದರಿಂದ ಪೌಡರ್ ಇಲ್ಲದೆ ಇವೆರಡರ ವ್ಯತ್ಯಾಸ ಹೇಳುವುದು ಕಷ್ಟ. ಓ-ರಿಂಗು ಚಿಕ್ಕ ವಸ್ತು, ಅದನ್ನು ತಲುಪುವುದೇ ಕೆಲಸ. ಕೂಲರ್ ಇದ್ದರೆ ಕೂಲಂಟ್ ಕೂಡ ಇಳಿಸಬೇಕಾಗಬಹುದು, ಆದ್ದರಿಂದ ಅದನ್ನು ಗ್ಯಾರೇಜಿಗೇ ಬಿಡಿ. ಹೌಸಿಂಗ್ ಪ್ಲಾಸ್ಟಿಕ್ಕಿನದಾಗಿದ್ದರೆ ರಿಂಗ್ ಹಾಕುವ ಮುಂಚೆ ಸೊಟ್ಟಗಾಗಿದೆಯೇ, ಕೂದಲೆಳೆ ಬಿರುಕು ಇದೆಯೇ ನೋಡಲು ಹೇಳಿ.

ಅಪರೂಪದ ಇನ್ನೊಂದು ಕಾರಣವಿದೆ, ಅಪಾಯದ್ದು. ಬಿಚ್ಚಿದ ಫಿಲ್ಟರಿನ ತಳ ಉಬ್ಬಿದೆಯೇ? ರಿಂಗು ತನ್ನ ತೋಡಿನಿಂದ ಹೊರಕ್ಕೆ ತಳ್ಳಿಸಿಕೊಂಡಿದೆಯೇ? ಹಾಗಿದ್ದರೆ ಪಂಪಿನ ಒತ್ತಡ ಇಳಿಸುವ ರಿಲೀಫ್ ವಾಲ್ವ್ ಮುಚ್ಚಿದಂತೆಯೇ ಸಿಕ್ಕಿಕೊಂಡಿದೆ. ಫಿಲ್ಟರಿಗೆ ಬೈದು ಪ್ರಯೋಜನವಿಲ್ಲ, ಗೇಜ್ ಹಾಕಿ ಒತ್ತಡ ಅಳೆಸಲೇಬೇಕು. ಹೇಳಿದ್ದಕ್ಕಿಂತ ದಪ್ಪ ಆಯಿಲ್ ಹಾಕುವ ಅಭ್ಯಾಸವಿದ್ದರೆ ಅದನ್ನೂ ಮೆಕ್ಯಾನಿಕ್‌ಗೆ ತಿಳಿಸಿ.

ಇನ್ನು ಕೂರಿಸುವ ರೀತಿ. ಪಾನಾ ಬಗ್ಗೆ ನಿಮ್ಮನ್ನು ಸ್ವಲ್ಪ ಗದರಲೇಬೇಕು. ಈ ಬಗೆಯ ಫಿಲ್ಟರಿಗೆ ಪಾನಾ ಇರುವುದು ಬಿಚ್ಚುವುದಕ್ಕೆ. ಹೊಸದರ ರಿಂಗಿಗೆ ಹೊಸ ಆಯಿಲನ್ನು ಬೆರಳಿನಿಂದ ಸುತ್ತಲೂ ಸವರಿ. ಒಣ ರಿಂಗು ಲೋಹಕ್ಕೆ ಕಚ್ಚಿಕೊಂಡು, ತಿರುಗಿಸುವಾಗ ಮಡಚಿ ಮುದ್ದೆಯಾಗುತ್ತದೆ. ಕೆಲವದರ ಮುಖಕ್ಕೆ ತೆಳು ಪ್ಲಾಸ್ಟಿಕ್ ಹಾಳೆ ಅಂಟಿಸಿರುತ್ತಾರೆ, ಅದನ್ನು ಕಿತ್ತಿದ್ದೀರಾ ನೋಡಿ. ನಗಬೇಡಿ, ಹಾಗೇ ಹಾಕಿದವರಿದ್ದಾರೆ. ಕೈಯಿಂದ ತಿರುಗಿಸುತ್ತಾ ಹೋಗಿ, ರಿಂಗು ಲೋಹಕ್ಕೆ ತಾಗಿದ್ದು ಕೈಗೆ ಗೊತ್ತಾಗುತ್ತದೆ. ಅಲ್ಲಿ ಡಬ್ಬಿಯ ಮೇಲೆ ಮಾರ್ಕರಿನಿಂದ ಒಂದು ಗೆರೆ ಎಳೆಯಿರಿ. ಅಲ್ಲಿಂದ ಮುಂದೆ ಮುಕ್ಕಾಲು ಸುತ್ತು, ಹೆಚ್ಚೆಂದರೆ ಒಂದು ಸುತ್ತು. ನಿಮ್ಮ ಡಬ್ಬಿಯ ಮೇಲೆ ಬೇರೆ ಅಳತೆ ಬರೆದಿದ್ದರೆ ಅದೇ ಅಂತಿಮ. ಅದಕ್ಕಿಂತ ಬಿಗಿದರೆ ರಿಂಗು ಅತಿಯಾಗಿ ಹಿಸುಕಿ, ಬಿಸಿಗೆ ತನ್ನ ಪುಟಿಯುವ ಗುಣ ಕಳೆದುಕೊಳ್ಳುತ್ತದೆ. ಸೋರಿದಾಗಲೆಲ್ಲ ಇನ್ನಷ್ಟು ಬಿಗಿಯುವುದು ಸೋರಿಕೆಯನ್ನು ಮುಂದೂಡುತ್ತದೆ, ಮುಂದಿನ ಸಲ ನಿಪ್ಪಲ್ಲನ್ನೂ ಕಿತ್ತು ತರುತ್ತದೆ. ಆ ಮಾರ್ಕರ್ ಗೆರೆಗೆ ಎದುರಾಗಿ ಬ್ಲಾಕಿನ ಮೇಲೂ ಒಂದು ಗೆರೆ ಎಳೆದಿಟ್ಟರೆ, ಹದಿನೈದು ದಿನದ ನಂತರ ಫಿಲ್ಟರ್ ತಾನಾಗಿ ಸಡಿಲಾಗಿದೆಯೋ ಇಲ್ಲವೋ ಒಂದೇ ನೋಟಕ್ಕೆ ತಿಳಿಯುತ್ತದೆ.

ಕಾಗದದ ಕಾರ್ಟ್ರಿಜ್ ಮಾತ್ರ ಬದಲಾಯಿಸುವ ಬಗೆಯ ಫಿಲ್ಟರ್ ಇರುವವರಿಗೂ ಎರಡು ಮಾತು, ಈ ಪ್ರಶ್ನೆ ಅವರಿಂದಲೂ ಬರುತ್ತದೆ. ಅಲ್ಲಿ ಮುಚ್ಚಳದ ಓ-ರಿಂಗನ್ನು ಪ್ರತಿ ಸಲವೂ ಬದಲಾಯಿಸಲೇಬೇಕು, ಅದನ್ನು ಅದರದೇ ತೋಡಿನಲ್ಲಿ ಕೂರಿಸಬೇಕು. ಪಕ್ಕದ ಥ್ರೆಡ್ಡಿನಲ್ಲಿ ಸಿಕ್ಕಿಸಿದರೂ ಮುಚ್ಚಳ ತಿರುಗುತ್ತದೆ, ಸೋರುತ್ತದೆ. ಬಿಗಿಯ ಅಳತೆಯನ್ನು ಎಷ್ಟೋ ಮುಚ್ಚಳಗಳ ಮೇಲೇ ಅಚ್ಚೊತ್ತಿರುತ್ತಾರೆ, 25 ನ್ಯೂಟನ್ ಮೀಟರ್ ಅಂತ ಹಲವದರಲ್ಲಿ ಕಾಣುತ್ತದೆ. ಟಾರ್ಕ್ ಪಾನಾ ಇಲ್ಲದೆ ಪ್ಲಾಸ್ಟಿಕ್ ಮುಚ್ಚಳದ ಮೇಲೆ ಬಲ ತೋರಿಸಬೇಡಿ.

ರಿಂಗಿಗೆ ಸಿಲಿಕೋನ್ ಸೀಲೆಂಟ್ ಬಳಿಯುವ ಉಪಾಯವನ್ನು ಯಾರಾದರೂ ಹೇಳಿಯೇ ಹೇಳುತ್ತಾರೆ. ಬೇಡವೇ ಬೇಡ. ಒಳಕ್ಕೆ ಹಿಸುಕಿದ ಸೀಲೆಂಟ್ ತುಣುಕಾಗಿ ಉದುರಿ ಆಯಿಲ್ ದಾರಿ ಕಟ್ಟುತ್ತದೆ. ಸೋರಿಕೆ ನಿಲ್ಲಿಸುವ ಬಾಟಲಿ ದ್ರವಗಳೂ ಈ ಜಾಗದಲ್ಲಿ ಕೆಲಸಕ್ಕೆ ಬರುವುದಿಲ್ಲ, ಅವು ಗಟ್ಟಿಯಾದ ರಬ್ಬರನ್ನು ಒಂದಿಷ್ಟು ಮೆದು ಮಾಡಬಲ್ಲವು, ಗೀರು ಬಿದ್ದ ಲೋಹವನ್ನೂ ಸಡಿಲ ನಿಪ್ಪಲ್ಲನ್ನೂ ಏನೂ ಮಾಡಲಾರವು. ಇನ್ನೊಂದು ಕಡೆ ಕಣ್ಣಿಡಿ. ಸೋರಿದ ಆಯಿಲ್ ಎಕ್ಸಾಸ್ಟ್ ಪೈಪಿನ ಮೇಲೆ ಬೀಳುತ್ತಿದ್ದರೆ ಸುಟ್ಟ ವಾಸನೆ ಬರುತ್ತದೆ, ಬೆಂಕಿಯ ಅಪಾಯವೂ ಇದೆ. ಅಂಥ ಗಾಡಿಯನ್ನು ಪರೀಕ್ಷೆಗೆ ಅಂತಲೂ ದೂರ ಓಡಿಸಬೇಡಿ.

ಗ್ಯಾರೇಜಿಗೆ ಹೋದಾಗ ‘ಫಿಲ್ಟರ್ ಸೋರುತ್ತಿದೆ’ ಅನ್ನಬೇಡಿ, ಹಾಗಂದರೆ ಅವರು ಫಿಲ್ಟರನ್ನೇ ಬದಲಾಯಿಸುತ್ತಾರೆ. ಪೌಡರಿನ ಮೇಲೆ ಮೂಡಿದ ಗೆರೆಯ ಫೋಟೊ ತೋರಿಸಿ, ‘ಇಲ್ಲಿಂದ ಬರುತ್ತಿದೆ, ನಿಪ್ಪಲ್, ಮುಖ, ಹಿಂದಿನ ಓ-ರಿಂಗ್ ನೋಡಿ’ ಅನ್ನಿ. ಅವೆಲ್ಲ ಸರಿಯಾದ ಮೇಲೆ ನಾಲ್ಕನೆಯ ಫಿಲ್ಟರ್ ಹಾಕಿಸಿ, ನಿಮ್ಮ ಎದುರಿಗೇ. ಸ್ಟಾರ್ಟ್ ಮಾಡಿ ಎರಡು ಮೂರು ನಿಮಿಷ ಅಡಿಯಲ್ಲಿ ಟಾರ್ಚ್ ಬಿಟ್ಟು ನೋಡಿ, ಆರಿಸಿ ಹತ್ತು ನಿಮಿಷ ಬಿಟ್ಟು ಡಿಪ್‌ಸ್ಟಿಕ್ ನೋಡಿ. ಹೊಸ ಫಿಲ್ಟರ್ ತಾನೇ ಒಂದಿಷ್ಟು ಆಯಿಲ್ ಕುಡಿಯುವುದರಿಂದ ಮಟ್ಟ ಸ್ವಲ್ಪ ಇಳಿದಿರುತ್ತದೆ, ಅಷ್ಟನ್ನು ತುಂಬಿಸಿ.